ಟಾರ್ಚಿನ ಬೆಳಕನ್ನು ಕೊನೆಗೆ ನೋಡಿ

ಅಂಗಡಿಯಲ್ಲಿ ಟಾರ್ಚು ಕೊಳ್ಳುವ ಹುಡುಗರನ್ನು ನೋಡಿದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ಹಾಡಹಗಲಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತು ಎದುರಿನ ಗೋಡೆಗೆ ಬೆಳಕು ಬಿಟ್ಟು 'ಅಬ್ಬಾ, ಎಂಥ ಪವರ್' ಅನ್ನುತ್ತಾರೆ. ಡಬ್ಬಿಯ ಮೇಲಿನ ದೊಡ್ಡ ಅಂಕಿ ನೋಡಿ ದುಡ್ಡು ಕೊಟ್ಟು ಬರುತ್ತಾರೆ. ಆಮೇಲೆ ಆಟಿ ಮಳೆಯಲ್ಲಿ ಕರೆಂಟು ಹೋಗಿ, ಕೊಟ್ಟಿಗೆಯಲ್ಲಿ ದನ ಕೂಗಿದಾಗ ಅದು ಹತ್ತುವುದಿಲ್ಲ. ಎರಡು ಸಲ ಅಂಗೈಗೆ ಬಡಿಯುತ್ತಾರೆ. ಮೊಬೈಲ್ ಹಿಡಿದು ಓಡುತ್ತಾರೆ.

ಮೊಬೈಲಿನ ಬೆಳಕು ಮಂಚದ ಕೆಳಗೆ ಬೀಗದ ಕೈ ಹುಡುಕಲು ಸಾಕು. ತೋಟಕ್ಕೆ ಸಾಲದು. ನಾಲ್ಕು ಹೆಜ್ಜೆ ಆಚೆ ಏನಿದೆ ಅಂತ ಕಾಣುವುದಿಲ್ಲ. ಮಳೆಯಲ್ಲಿ ಕೈ ಜಾರಿದರೆ ಹೋಗುವುದು ಸಾವಿರಾರು ರೂಪಾಯಿಯ ಫೋನು. ನಮ್ಮ ಮಲೆನಾಡಿನಲ್ಲಿ ರಾತ್ರಿ ಹೊತ್ತು ನೋಡಿಯೇ ಕಾಲಿಡಬೇಕು. ಕಟ್ಟುಹಾವು ಓಡಾಡುವುದೇ ರಾತ್ರಿ. ಕೊಳಕುಮಂಡಲ ತರಗೆಲೆಯ ಬಣ್ಣದಲ್ಲೇ ಸುತ್ತಿ ಮಲಗಿರುತ್ತದೆ, ನೀವು ಹತ್ತಿರ ಹೋದರೂ ಸರಿಯುವುದಿಲ್ಲ. ಹಾವು ಕಚ್ಚಿದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು ಅಂತ 2024ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವೇ ಆಗಿದೆ. ವಿಷಯ ಅಷ್ಟು ಗಂಭೀರ ಅಂತಲೇ ಅಲ್ವಾ?

ನಾನು ಸೊಸೆಯಾಗಿ ಬಂದ ಕಾಲಕ್ಕೆ ಮನೆಯಲ್ಲಿ ಇದ್ದದ್ದು ಮೂರು ಸೆಲ್ಲಿನ ಹಿತ್ತಾಳೆ ಟಾರ್ಚು. ಮಾವನವರ ದಿಂಬಿನ ಪಕ್ಕದಲ್ಲಿ ಅದರ ಜಾಗ. ಹಿಂದಿನ ಮುಚ್ಚಳದ ಸ್ಪ್ರಿಂಗಿನ ನಡುವೆ ಒಂದು ಬಲ್ಬು ಯಾವಾಗಲೂ ಇರಬೇಕು. ಉರಿಯುವ ಬಲ್ಬು ಹೋದರೆ ಕತ್ತಲಲ್ಲೇ ಬೆರಳಿನಿಂದ ತಡವಿ ಬದಲಾಯಿಸುತ್ತಿದ್ದರು. ಮಕ್ಕಳು ಮುಟ್ಟುವಂತಿರಲಿಲ್ಲ. ಮಳೆಗಾಲ ಮುಗಿದ ಕೂಡಲೇ ಸೆಲ್ಲು ಹೊರಗೆ ತೆಗೆದು, ಒಳಗೆ ಬಟ್ಟೆ ಹಾಕಿ ಒರೆಸಿ, ಬಿಸಿಲು ಕಾಯಿಸಿ ಎತ್ತಿಡುತ್ತಿದ್ದರು. ಟಾರ್ಚನ್ನು ಒಂದು ಆಯುಧ ಅಂತ ನೋಡುವುದನ್ನು ನಾನು ಅವರಿಂದಲೇ ಕಲಿತೆ.

ಎಲ್‌ಇಡಿ ಬಂದ ಮೇಲೆ ಬಲ್ಬಿನ ಕಾಟ ತಪ್ಪಿತು. ತಂತಿ ಕಾದು ಬೆಳಗುವ ಕೆಲಸವೇ ಇಲ್ಲ, ಹಾಗಾಗಿ ತಂತಿ ಕಡಿದುಹೋಗುವುದೂ ಇಲ್ಲ. ಕಡಿಮೆ ಸೆಲ್ಲಿನಲ್ಲಿ ಜಾಸ್ತಿ ಬೆಳಕು. ಬೆರಳುದ್ದದ ಟಾರ್ಚು ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುವಷ್ಟು ಹಗುರ. ಈಗ ಟಾರ್ಚು ಕೈ ಕೊಡುವುದು ಬೇರೆ ಕಡೆ: ಸೆಲ್ಲಿನಲ್ಲಿ, ಸ್ವಿಚ್ಚಿನಲ್ಲಿ, ಸೆಲ್ಲು ಮುಟ್ಟುವ ಜಾಗದಲ್ಲಿ, ನೀರು ನುಗ್ಗುವ ಸಂದಿಯಲ್ಲಿ. ಅದಕ್ಕೇ ಹೇಳುವುದು, ಬೆಳಕನ್ನು ಕೊನೆಗೆ ನೋಡಿ. ಬೆಳಕು ಈಗ ಎಲ್ಲದರಲ್ಲೂ ಬರುತ್ತದೆ.

ಮೊದಲು ಕೈಯಲ್ಲಿ ಹಿಡಿಯಿರಿ. ಒಂದು ಕೈಯಲ್ಲಿ ಕೊಡೆ ಇರುತ್ತದೆ. ಹಾಗಾಗಿ ಇನ್ನೊಂದೇ ಕೈಯಲ್ಲಿ ಹಿಡಿದು ಅದರ ಹೆಬ್ಬೆರಳಲ್ಲೇ ಸ್ವಿಚ್ಚು ಒತ್ತಲು ಬರಬೇಕು. ನುಣುಪು ಮೈ ಬೇಡ, ಒದ್ದೆ ಕೈಯಲ್ಲಿ ಜಾರುತ್ತದೆ. ಮೇಜಿನ ಮೇಲೆ ಅಡ್ಡ ಇಟ್ಟು ಉರುಳುತ್ತದೆಯೇ ನೋಡಿ. ಉರುಳುವ ಟಾರ್ಚು ಬಾವಿಕಟ್ಟೆಯ ಮೇಲಿಂದ ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಹಿಂಭಾಗ ಸಪಾಟಾಗಿದ್ದು ನೆಟ್ಟಗೆ ನಿಲ್ಲುವುದಾದರೆ ತುಂಬಾ ಒಳ್ಳೆಯದು. ಬಿಳಿ ಸೀಲಿಂಗಿಗೆ ಮುಖ ಮಾಡಿ ನಿಲ್ಲಿಸಿದರೆ ಇಡೀ ಅಡುಗೆಮನೆ ಬೆಳಗುತ್ತದೆ, ಎರಡೂ ಕೈಯಲ್ಲಿ ಕೆಲಸ ಮಾಡಬಹುದು. ಇನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಕಟಕಟ ಅಂದರೆ ಸ್ಪ್ರಿಂಗು ಬಿಗಿ ಇಲ್ಲ. ಹತ್ತಿಸಿಕೊಂಡೇ ಅಂಗೈಗೆ ತಟ್ಟಿ. ಒಂದು ಸಲ ಮಿಣುಕಿದರೂ ಬಿಟ್ಟು ಬನ್ನಿ. ಅಂಗಡಿಯವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ, ದುಡ್ಡು ನಿಮ್ಮದು.

ಸ್ವಿಚ್ಚು ಒತ್ತಿದ ಕೂಡಲೇ ಮೊದಲು ಸಣ್ಣ ಬೆಳಕು ಬರಬೇಕು, ಆಮೇಲೆ ದೊಡ್ಡದು. ಇದು ಯಾರ ತಲೆಗೂ ಹೊಳೆಯುವುದಿಲ್ಲ. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ನಿದ್ದೆಗಣ್ಣಿನಲ್ಲಿ ಎದ್ದವರ ಮುಖಕ್ಕೆ ಜೋರು ಬೆಳಕು ಬಡಿದರೆ ಆಮೇಲೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ. ವಯಸ್ಸಾದವರು ಮೆಟ್ಟಿಲು ತಪ್ಪಿ ಬೀಳುವುದು ಹೀಗೆಯೇ. ಬೆಳಕು ಎಷ್ಟು ಅಂತ ಅಳೆಯುವುದು ಲುಮೆನ್ ಲೆಕ್ಕದಲ್ಲಿ. ಮನೆಯೊಳಗೆ ಐದು ಹತ್ತು ಲುಮೆನ್ ಧಾರಾಳ. ಅಂಗಳ ದಾಟಿ ತೋಟಕ್ಕೆ ಹೋಗಲು ನೂರರ ಮೇಲೆ ಇದ್ದರೆ ನೆಮ್ಮದಿ. ಮುನ್ನೂರು ನಾನೂರು ಬೇಕಾಗುವುದು ತೋಟದ ಆಚೆ ಅಂಚಿನಲ್ಲಿ ಏನೋ ಸದ್ದಾದಾಗ ಮಾತ್ರ, ಅದೂ ಒಂದೆರಡು ನಿಮಿಷ. ಕಣ್ಣು ಕುಕ್ಕುವ ಹಾಗೆ ಮಿನುಗುವ ಮೋಡ್ ಒಂದನ್ನು ಸುಮ್ನೆ ಸೇರಿಸಿರುತ್ತಾರೆ. ಸಣ್ಣ ಬೆಳಕಿಗೆ ಬರಲು ಅದನ್ನು ದಾಟಿಯೇ ಬರಬೇಕು ಅಂತಿದ್ದರೆ ಆ ಟಾರ್ಚು ನನಗೆ ಬೇಡ.

ಬಣ್ಣವನ್ನೂ ಗಮನಿಸಿ. ಬಿಳಿಚಿಕೊಂಡ ನೀಲಿ ಛಾಯೆಯ ಬೆಳಕು ಅಂಗಡಿಯಲ್ಲಿ ಜೋರಾಗಿ ಕಾಣುತ್ತದೆ. ತೋಟದಲ್ಲಿ ಅದರಡಿಯಲ್ಲಿ ಕಂದು ಬಣ್ಣಗಳೆಲ್ಲ ಒಂದೇ ಬೂದಿ ಆಗಿಬಿಡುತ್ತವೆ, ತರಗೆಲೆ ಯಾವುದು ಹಾವು ಯಾವುದು ಗೊತ್ತಾಗುವುದಿಲ್ಲ. ಸ್ವಲ್ಪ ಹಳದಿಗೆ ತಿರುಗಿದ ಬೆಳಕು ತಗೊಳ್ಳಿ. ಡಬ್ಬಿಯ ಮೇಲೆ ಬೆಳಕಿನ ಬಣ್ಣದ ಅಳತೆ 4000ದಿಂದ 5000 ಕೆಲ್ವಿನ್ ಅಂತ ಬರೆದಿರುತ್ತದೆ. ಅಂಗಡಿಯಲ್ಲೇ ನಿಮ್ಮ ಅಂಗೈ ಮೇಲೆ ಬಿಟ್ಟು ನೋಡಿ. ಅಂಗೈ ಅಂಗೈಯಾಗಿ ಕಾಣಬೇಕು.

ಡಬ್ಬಿಯ ಅಂಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಡಿಯಾರಕ್ಕೆ ಹಾಕುವ ಒಂದು ಪೆನ್ಸಿಲ್ ಸೆಲ್ಲಿನ ಟಾರ್ಚಿನ ಮೇಲೆ ಹತ್ತು ಸಾವಿರ ಲುಮೆನ್ ಅಂತಿದ್ದರೆ ಅದು ಶುದ್ಧ ಸುಳ್ಳು. ಎಎನ್‌ಎಸ್‌ಐ ಎಫ್‌ಎಲ್1 ಅಂತ ಬರೆದಿದ್ದರೆ ಟಾರ್ಚು ಅಳೆಯಲು ಅಮೆರಿಕದವರು ಗೊತ್ತುಮಾಡಿದ ಒಂದು ಕ್ರಮದಲ್ಲಿ ಅಳೆದಿದ್ದಾರೆ ಅಂತ ಅರ್ಥ. ಆದರೂ ತಿಳಿದುಕೊಂಡು ಓದಿ. ಅದರಲ್ಲಿ ಇಷ್ಟು ಗಂಟೆ ಉರಿಯುತ್ತದೆ ಅಂದರೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುವವರೆಗಿನ ಲೆಕ್ಕ. ಇಷ್ಟು ಮೀಟರ್ ದೂರ ಅಂದರೆ ಬೆಳಕು ಹುಣ್ಣಿಮೆ ಬೆಳದಿಂಗಳಷ್ಟು ಮಂಕಾಗುವ ದೂರ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣುವುದು ಅದರ ಅರ್ಧಕ್ಕೂ ಕಡಿಮೆ ಅಂದುಕೊಳ್ಳಿ.

ನೀರಿನ ವಿಷಯಕ್ಕೆ ಬಂದರೆ, ಎಷ್ಟು ನೀರು ತಡೆಯುತ್ತದೆ ಅಂತ ಹೇಳುವ ಗುರುತು ಐಪಿಎಕ್ಸ್. ಐಪಿಎಕ್ಸ್4 ಅಂದರೆ ನೀರಿನ ಎರಚಲು ತಡೆಯುತ್ತದೆ ಅಷ್ಟೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು. ನಮ್ಮ ಮಳೆಗೆ ಎರಡನೆಯದೇ ಬೇಕು. ಮನೆಗೆ ತಂದ ದಿನವೇ ಪರೀಕ್ಷೆ ಮಾಡಿ. ಸೆಲ್ಲು ತೆಗೆದು ಒಳಗೆ ಒಂದು ಚೂರು ಟಿಶ್ಯೂ ಪೇಪರು ತುರುಕಿ, ಮುಚ್ಚಳ ಬಿಗಿ ಮಾಡಿ ಬಕೆಟ್ಟಿನಲ್ಲಿ ಮುಳುಗಿಸಿ. ಒಂದು ಒಬ್ಬೆ ಪಾತ್ರೆ ತೊಳೆದು ಬರುವಷ್ಟು ಹೊತ್ತು ಬಿಡಿ. ತೆಗೆದು ಹೊರಮೈ ಚೆನ್ನಾಗಿ ಒರೆಸಿ, ಆಮೇಲೆ ಬಿಚ್ಚಿ. ಪೇಪರು ಒಣಗಿದ್ದರೆ ಇಟ್ಟುಕೊಳ್ಳಿ. ಒದ್ದೆಯಾಗಿದ್ದರೆ ಬಿಲ್ಲು ಹಿಡಿದು ವಾಪಸ್ ಕೊಡಿ.

ಈಗ ನಿಜವಾದ ಕೆಲಸಕ್ಕೆ ಬರೋಣ. ಕೊಂಡ ಮೇಲೆ ಹೆಚ್ಚಿನವರು ಟಾರ್ಚಿನ ಹಿಂದಿನ ಮುಚ್ಚಳವನ್ನು ಸೆಲ್ಲು ಸತ್ತಾಗ ಮಾತ್ರ ಬಿಚ್ಚುತ್ತಾರೆ. ಅಲ್ಲೇ ತಪ್ಪುವುದು. ಲೋಹದ ಟಾರ್ಚಿನಲ್ಲಿ ಬಹಳಷ್ಟು ಸಲ ಕರೆಂಟು ಹಾದುಹೋಗುವುದು ಮೈಯಿಂದಲೇ, ಮುಚ್ಚಳದ ತಿರುಪಿನ ಮೂಲಕ. ಅಲ್ಲಿ ಜಿಡ್ಡು ಮಣ್ಣು ಕೂತರೆ ಬೆಳಕು ಮಿಣಮಿಣ ಅನ್ನುತ್ತದೆ. 'ಅತ್ತೆ, ಟಾರ್ಚು ಹಾಳಾಯ್ತು' ಅಂತ ಸೊಸೆ ತಂದುಕೊಟ್ಟ ಎಷ್ಟೋ ಟಾರ್ಚು ಬರೀ ಒರೆಸಿದ್ದಕ್ಕೆ ಸರಿಯಾಗಿವೆ.

ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಇನ್ನೂ ಬೇಗ, ಹಗಲು ಹೊತ್ತಿನಲ್ಲಿ ಒಂದು ಬಿಳಿ ಬಟ್ಟೆ ಹಾಸಿ ಕೂತುಕೊಳ್ಳಿ. ಮುಚ್ಚಳ ಬಿಚ್ಚಿ, ಸೆಲ್ಲು ಹೊರಗಿಡಿ. ಹಳೇ ಪಂಚೆಯ ಚೂರು ತಗೊಳ್ಳಿ, ಟವೆಲ್ ಬೇಡ, ನೂಲಿನ ಎಳೆ ಬಿಡುತ್ತದೆ. ಅದನ್ನು ತಿರುಪಿನ ಮೇಲೆ ಸುತ್ತಿ, ಉಗುರಿನಿಂದ ಗೀರಿನೊಳಗೆ ಒತ್ತಿ ಹಿಡಿದು, ಟಾರ್ಚನ್ನು ತಿರುಗಿಸಿ. ಬಟ್ಟೆ ತಿರುಗಬಾರದು, ಟಾರ್ಚು ತಿರುಗಬೇಕು. ಕಪ್ಪು ಗೆರೆ ಬರುತ್ತದೆ. ಅದು ಬರುವುದು ನಿಲ್ಲುವವರೆಗೆ ಬಟ್ಟೆಯ ಜಾಗ ಬದಲಾಯಿಸುತ್ತಾ ಒರೆಸಿ. ಮುಚ್ಚಳದ ಒಳಗಿನ ತಿರುಪಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಸ್ಪ್ರಿಂಗಿನ ತುದಿ ಮತ್ತು ಸೆಲ್ಲು ಮುಟ್ಟುವ ಬಿಲ್ಲೆಯನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿಬಿಡಿ. ಆಮೇಲೆ ಕಿವಿಗೆ ಹಾಕುವ ಬಡ್ಸ್ ಅನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಮ್ಮೆ ಸವರಿ, ಆರಲು ಬಿಡಿ. ಸ್ಯಾನಿಟೈಸರ್ ಜೆಲ್ ಹಾಕಬೇಡಿ, ಅದು ಅಂಟು ಬಿಡುತ್ತದೆ.

ತಿರುಪಿನ ಪಕ್ಕದಲ್ಲಿ ಒಂದು ಕಪ್ಪು ರಬ್ಬರಿನ ಬಳೆ ಇರುತ್ತದೆ. ಮುಚ್ಚಳದ ಸಂದಿಯಲ್ಲಿ ನೀರು ತಡೆಯುವುದು ಅದೇ. ಅದನ್ನು ಸೂಜಿ, ಪಿನ್ನು ಹಾಕಿ ಎಬ್ಬಿಸುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಕೂದಲೆಳೆಯಷ್ಟು ಗೀರು ಬಿದ್ದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಎರಡು ಬೆರಳಲ್ಲಿ ಹಿಂಡಿ, ಒಂದು ಕಡೆ ಉಬ್ಬು ಎದ್ದ ಮೇಲೆ ಮೆಲ್ಲಗೆ ಉರುಳಿಸಿ ತೆಗೆಯಿರಿ. ಒರೆಸಿ, ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ಕುಕ್ಕರಿನ ಗ್ಯಾಸ್ಕೆಟ್ಟನ್ನೂ ಹೀಗೇ ಪ್ರತಿ ಸಲ ತೆಗೆದು ತೊಳೆದು ಒಣಗಿಸಬೇಕು. ಈಗಿನವರು ವಾರಗಟ್ಟಲೆ ಮುಚ್ಚಳದಲ್ಲೇ ಬಿಡುತ್ತಾರೆ, ಆಮೇಲೆ ಹಬೆ ಸೋರುತ್ತದೆ ಅಂತ ಗ್ಯಾಸ್ಕೆಟ್ ಮೇಲೆ ತಪ್ಪು ಹೊರಿಸುತ್ತಾರೆ.

ರಬ್ಬರಿಗೆ ಕೊಬ್ಬರಿ ಎಣ್ಣೆ ಸವರಬೇಡಿ. ವ್ಯಾಸಲೀನೂ ಬೇಡ, ಕೆಲವು ರಬ್ಬರು ಅದಕ್ಕೆ ಉಬ್ಬಿ ಸಡಿಲವಾಗುತ್ತವೆ. ಸಿಲಿಕೋನ್ ಗ್ರೀಸ್ ಬೇಕು. ಕುಡಿಯುವ ನೀರಿನ ಫಿಲ್ಟರ್ ಸರ್ವಿಸ್‌ಗೆ ಬರುವವರ ಹತ್ತಿರ ಇರುತ್ತದೆ, ಕೇಳಿದರೆ ಚಿಟಿಕೆ ಕೊಡುತ್ತಾರೆ. ಸಾಸಿವೆ ಕಾಳಿನಷ್ಟು ಸಾಕು. ಹೆಬ್ಬೆರಳು ತೋರುಬೆರಳಿನ ನಡುವೆ ತೀಡಿ, ಬಳೆಯನ್ನು ಅದರ ನಡುವೆ ಎಳೆಯುತ್ತಾ ಹೋಗಿ. ಬಳೆ ಹೊಳೆಯಬೇಕು, ಗ್ರೀಸ್ ಬೆಳ್ಳಗೆ ಕಾಣಬಾರದು. ಕಂಡರೆ ಜಾಸ್ತಿಯಾಯಿತು, ಒರೆಸಿ. ಬೆರಳಿನಲ್ಲಿ ಉಳಿದದ್ದನ್ನು ತಿರುಪಿಗೆ ಸವರಿ.

ಮುಚ್ಚಳ ಹಾಕುವಾಗ ನೇರ ಬಿಗಿ ಮಾಡಲು ಹೋಗಬೇಡಿ. ಮೊದಲು ಮುಚ್ಚಳವನ್ನು ಮೆಲ್ಲಗೆ ಅದುಮಿ ಉಲ್ಟಾ ತಿರುಗಿಸಿ, ಬಿಚ್ಚುವ ಕಡೆಗೆ. ಒಂದು ಕಡೆ 'ಟಕ್' ಅಂತ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ತಿರುಪಿನ ಬಾಯಿ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಬಿಗಿ ಮಾಡಿ. ಹೀಗೆ ಮಾಡಿದರೆ ತಿರುಪು ಓರೆ ಹತ್ತುವುದೇ ಇಲ್ಲ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಒಮ್ಮೆ ಓರೆ ತಿಂದರೆ ಟಾರ್ಚಿನ ಆಯುಸ್ಸು ಮುಗಿಯಿತು.

ಇನ್ನೂ ಒಂದಿದೆ. ಟಾರ್ಚು ಹತ್ತಿಸಿಕೊಂಡು ಮುಚ್ಚಳವನ್ನು ಕಾಲು ಸುತ್ತು ಸಡಿಲ ಮಾಡಿ. ಆರಿಹೋದರೆ ನಿಮ್ಮ ತಿರುಪಿಗೆ ಕರೆಂಟು ಹಾಯದ ಲೇಪ ಇದೆ. ಪ್ರಯಾಣಕ್ಕೆ ಬ್ಯಾಗಿಗೆ ಹಾಕುವಾಗ, ಬಳಸದೆ ಇಡುವಾಗ, ಹೀಗೆ ಕಾಲು ಸುತ್ತು ಸಡಿಲ ಮಾಡಿಯೇ ಇಡಿ. ಬ್ಯಾಗಿನೊಳಗೆ ತಾನೇ ಒತ್ತಿಕೊಂಡು ಹತ್ತುವುದಿಲ್ಲ. ಜೋರು ಬೆಳಕಿನ ಟಾರ್ಚು ಬಟ್ಟೆಯ ನಡುವೆ ಹತ್ತಿಕೊಂಡರೆ ಬಟ್ಟೆ ಸುಡುವಷ್ಟು ಬಿಸಿಯಾಗುತ್ತದೆ. ಮೈಯ ಬದಿಯಲ್ಲಿ ಒತ್ತುವ ಗುಂಡಿ ಇರುವ ಟಾರ್ಚುಗಳು ಆರಿಸಿಟ್ಟರೂ ಸೆಲ್ಲನ್ನು ಸ್ವಲ್ಪ ಸ್ವಲ್ಪ ಹೀರುತ್ತವೆ, ಅದೂ ನಿಲ್ಲುತ್ತದೆ. ಸಡಿಲ ಮಾಡಿದರೂ ಆರದ ಟಾರ್ಚಾದರೆ ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಹಾಲಿನ ಪ್ಯಾಕೆಟ್ಟಿನ ಚೂರು ಇಡಿ. ರಟ್ಟು ಬೇಡ, ಶೀತ ಹಿಡಿಯುತ್ತದೆ. ಬಾಗಿಲ ಪಕ್ಕದ ಮೊಳೆಗೆ ನೇತುಹಾಕುವ ಟಾರ್ಚಿಗೆ ಮಾತ್ರ ಇದೆಲ್ಲ ಮಾಡಬೇಡಿ. ಅದು ಒತ್ತಿದ ಕೂಡಲೇ ಹತ್ತಬೇಕು. ಅದಕ್ಕೊಂದು ರೇಡಿಯಂ ಸ್ಟಿಕ್ಕರ್ ಅಂಟಿಸಿ, ಬಳಸಿದವರು ಅದೇ ಮೊಳೆಗೆ ತಂದು ಹಾಕಲಿ.

ಸೆಲ್ಲಿನ ವಿಷಯ. ಹಳೆಯದು ಹೊಸದು ಬೆರೆಸಬೇಡಿ. ಬಳಸದ ಟಾರ್ಚಿನಲ್ಲಿ ಆಲ್ಕಲೈನ್ ಸೆಲ್ಲು ಬಿಟ್ಟರೆ ಸೋರಿ ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಸೆಲ್ಲು ಒಳಗೇ ಕಚ್ಚಿಕೊಳ್ಳುತ್ತದೆ. ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟದೆ, ಬಡ್ಸ್‌ಗೆ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮನೆ ಬಳಕೆಗೆ ಚಾರ್ಜ್ ಮಾಡುವ ನಿಕಲ್ ಪೆನ್ಸಿಲ್ ಸೆಲ್ಲು ನನಗೆ ಇಷ್ಟ. ಸೋರುವುದು ಅಪರೂಪ, ನೂರಾರು ಸಲ ಚಾರ್ಜ್ ಆಗುತ್ತದೆ. 18650 ಅನ್ನುವ ದಪ್ಪ ಲಿಥಿಯಂ ಸೆಲ್ಲಿನ ಟಾರ್ಚಾದರೆ ಒಳ್ಳೆಯ ಕಡೆ ಕೊಳ್ಳಿ. ಒಳ್ಳೆಯ ಸೆಲ್ಲುಗಳೇ 3500 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಆಸುಪಾಸು ಇರುತ್ತವೆ, 9900 ಅಂತ ಬರೆದದ್ದನ್ನು ಮುಟ್ಟಲೂಬೇಡಿ. ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವ ಅಗ್ಗದ ಟಾರ್ಚುಗಳಲ್ಲಿ ಹೆಚ್ಚಾಗಿ ಸೀಸದ ಬ್ಯಾಟರಿ ಇರುತ್ತದೆ. ಅದನ್ನು ಖಾಲಿಯಾದ ಮೇಲೆ ಹಾಗೇ ಬಿಟ್ಟರೆ ಸಾಯುತ್ತದೆ. ಬಳಸಲಿ ಬಿಡಲಿ, ಆಗಾಗ ಚಾರ್ಜ್ ಮಾಡುತ್ತಿರಬೇಕು.

ಸತ್ತ ಸೆಲ್ಲನ್ನು ಬಚ್ಚಲ ಒಲೆಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಸಿಡಿಯುತ್ತದೆ, ಮಕ್ಕಳು ಅಲ್ಲೇ ಕೂತಿರುತ್ತಾರೆ, ದಯವಿಟ್ಟು ಬೇಡ. ಹೆಚ್ಚುವರಿ ಸೆಲ್ಲನ್ನು ಚಿಲ್ಲರೆ, ಬೀಗದ ಕೈ ಇರುವ ಪರ್ಸಿನಲ್ಲಿ ಬಿಡಿಯಾಗಿ ಹಾಕಬೇಡಿ, ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಫ್ರಿಜ್ಜಿನಲ್ಲೂ ಬೇಡ, ಹೊರಗೆ ತೆಗೆದ ಕೂಡಲೇ ಹನಿ ಕೂತು ತುಕ್ಕು ಹಿಡಿಯುತ್ತದೆ. ಅಕ್ಕಿ ಡಬ್ಬದ ಪಕ್ಕ ಯಾವುದಾದರೂ ತಂಪಾದ ಒಣ ಜಾಗ ಸಾಕು.