ಮಲೆನಾಡಿನ ಹಸಿರನ್ನು ಮುಖಪುಟಕ್ಕೆ ತರುವಾಗ

ಪುಸ್ತಕದ ಮುಖಪುಟ ಮಾಡುವವರಿಗೆ ಲೇಖಕರಿಂದ ತಪ್ಪದೆ ಬರುವ ಪ್ರಶ್ನೆ: ‘ಮೊಬೈಲ್‌ನಲ್ಲಿ ಹಸಿರು ಅಷ್ಟು ಚೆನ್ನಾಗಿತ್ತಲ್ಲ ಸರ್, ಪುಸ್ತಕದಲ್ಲಿ ಯಾಕೆ ಮಂಕಾಯ್ತು?’ ನಾನಂತೂ ಇದಕ್ಕೆ ಉತ್ತರವನ್ನು ಕೆಲಸ ಒಪ್ಪಿಕೊಳ್ಳುವ ದಿನವೇ ಹೇಳಿಬಿಡುತ್ತೇನೆ.

ಪರದೆ ತಾನೇ ಬೆಳಕು ಸೂಸುತ್ತದೆ. ಕೆಂಪು, ಹಸಿರು, ನೀಲಿ (ಇದೇ ಆರ್‌ಜಿಬಿ) ಮೂರೂ ಪೂರ್ತಿ ಉರಿದರೆ ಬಿಳಿ, ಮೂರೂ ಆರಿದರೆ ಕಪ್ಪು. ಒಂದೊಂದಕ್ಕೂ 0ಯಿಂದ 255ರವರೆಗೆ ಮೆಟ್ಟಿಲು. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ಶಾಯಿ ಒಂದಷ್ಟನ್ನು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಅಚ್ಚಿನ ಬಣ್ಣದ ಶಾಯಿಗಳು ಮೂರು: ಸಯಾನ್ (ಹಸಿರು ಬೆರೆತ ತಿಳಿನೀಲಿ) ಕೆಂಪನ್ನು ನುಂಗಬೇಕು, ಮೆಜೆಂಟಾ (ನೇರಳೆ ಬೆರೆತ ಗುಲಾಬಿ) ಹಸಿರನ್ನು, ಹಳದಿ ನೀಲಿಯನ್ನು. ಆದರೆ ಸಯಾನ್ ಶಾಯಿ ಅಷ್ಟು ಶುದ್ಧವಲ್ಲ, ಕೆಂಪಿನ ಜೊತೆಗೆ ಹಸಿರು ಬೆಳಕನ್ನೂ ಸ್ವಲ್ಪ ನುಂಗುತ್ತದೆ. ಸಯಾನ್ ಮೇಲೆ ಹಳದಿ ಹಾಕಿ ಹಸಿರು ಮಾಡಿದಾಗ ಅದು ಸಪ್ಪೆಯಾಗಲು ಇದೇ ಮುಖ್ಯ ಕಾರಣ. ಇದರಲ್ಲಿ ಪ್ರೆಸ್ಸಿನವರ ತಪ್ಪೇನೂ ಇಲ್ಲ.

ಮಳೆಗಾಲದ ಗದ್ದೆಯ ಫೋಟೊ ಇರುವ ಒಂದು ಕಾದಂಬರಿಯ ಮುಖಪುಟವನ್ನೇ ತೆಗೆದುಕೊಳ್ಳಿ. ನಾಟಿಗೆ ಸಿದ್ಧವಾದ ಸಸಿಮಡಿಯ ಆ ಎಳೆ ಹಸಿರು ಆರ್‌ಜಿಬಿಯಲ್ಲಿ ಕಣ್ಣು ಕುಕ್ಕುತ್ತಿತ್ತು. ಫೋಟೊಶಾಪ್‌ನಲ್ಲಿ ಮುದ್ರಣದ ಪ್ರೊಫೈಲ್ (ಇಂಥ ಶಾಯಿ, ಇಂಥ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂಬ ವಿವರದ ಫೈಲು) ಆರಿಸಿ, ಅಚ್ಚಿನ ಬಣ್ಣವನ್ನು ಪರದೆಯಲ್ಲೇ ತೋರಿಸುವ ಪ್ರೂಫ್ ಕಲರ್ಸ್ ಒತ್ತಿದೆ. ಆರ್ಟ್ ಕಾರ್ಡ್ (ನಯವಾದ ಲೇಪನವಿರುವ ದಪ್ಪ ಕಾಗದ) ಕೆಲಸಕ್ಕೆ ಪ್ರೆಸ್ಸಿನವರು ಬೇರೆ ಪ್ರೊಫೈಲ್ ಕೊಡದಿದ್ದರೆ ನಾನು ಬಳಸುವುದು ಕೋಟೆಡ್ ಫೋಗ್ರಾ 39. ಪ್ರೂಫ್ ನೋಡುತ್ತಲೇ ಗದ್ದೆಯ ಜೀವವೇ ಹೋದಂತಾಯಿತು. ಇಲ್ಲಿ ಸ್ಯಾಚುರೇಷನ್, ಅಂದರೆ ಬಣ್ಣದ ತೀವ್ರತೆ, ಏರಿಸಲು ಹೋಗಬಾರದು. ಶಾಯಿಗೆ ದಕ್ಕದ ಬಣ್ಣವನ್ನು ಇನ್ನಷ್ಟು ಏರಿಸಿದರೆ ಎಲೆಗಳ ನಡುವಿನ ಸೂಕ್ಷ್ಮ ವ್ಯತ್ಯಾಸವೆಲ್ಲ ಅಳಿಸಿ ಒಂದೇ ಪಟ್ಟೆ ಬಳಿದಂತಾಗುತ್ತದೆ.

ನಾನು ನೋಡುವುದು ಮೆಜೆಂಟಾ ಚಾನೆಲ್ಲನ್ನು, ಅಂದರೆ ಚಿತ್ರದಲ್ಲಿ ಎಲ್ಲೆಲ್ಲಿ ಎಷ್ಟು ಮೆಜೆಂಟಾ ಬೀಳುತ್ತದೆ ಎಂಬುದನ್ನು. ಹಸಿರಿನೊಳಗೆ ಮೆಜೆಂಟಾ ಸೇರಿದಷ್ಟೂ ಬಣ್ಣ ಕೆಸರಾಗುತ್ತದೆ. ಬಿಸಿಲು ಬಿದ್ದ ಸಸಿಗಳಲ್ಲಿ ಅದನ್ನು ಆದಷ್ಟು ಇಳಿಸಿ, ಸಯಾನ್ 55–60, ಹಳದಿ 100ರ ಹತ್ತಿರ ನಿಲ್ಲಿಸಿದೆ (ಶಾಯಿಯ ಲೆಕ್ಕವೆಲ್ಲ ಶೇಕಡಾದಲ್ಲಿ). ಆಮೇಲೆ ಸಸಿಗಳನ್ನು ಬಿಟ್ಟು ಸುತ್ತಲಿನ ಕಾಡಿಗೆ ಬಂದೆ. ಹಿಂದಿನ ಮರಗಳ ಸಾಲನ್ನು ಗಾಢ ಮಾಡಿ, ಅಲ್ಲಿ ಮೆಜೆಂಟಾವನ್ನು ಬೇಕೆಂದೇ ಉಳಿಸಿ ಕಂದುಹಸಿರಿಗೆ ತಿರುಗಿಸಿದೆ. ಮಗ್ಗುಲಲ್ಲಿ ಮಂಕು ಬಣ್ಣ ನಿಂತ ಕೂಡಲೇ ಗದ್ದೆ ಎದ್ದು ಬಂತು. ಕಣ್ಣು ಬಣ್ಣವನ್ನು ಅಕ್ಕಪಕ್ಕದ ಬಣ್ಣದೊಂದಿಗೆ ತೂಗಿಯೇ ನೋಡುತ್ತದೆ. ಕಾಗದದ ಮೇಲೆ ಕೆಲಸ ಮಾಡುವವರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ ಎಂದು ನಾನು ನಂಬಿದ್ದೇನೆ.

ನೀಲಿಯ ತಕರಾರು ಬೇರೆ. ಪರದೆಯ ಅಪ್ಪಟ ನೀಲಿಯನ್ನು ಹಾಗೇ ಪರಿವರ್ತಿಸಿದರೆ ಸಯಾನ್ ಮತ್ತು ಮೆಜೆಂಟಾ ಹತ್ತಿರ ಹತ್ತಿರ ಬಂದು ಅಚ್ಚಿನಲ್ಲಿ ನೇರಳೆಯಾಗುತ್ತದೆ. ಸಯಾನ್ 100 ಇದ್ದರೆ ಮೆಜೆಂಟಾವನ್ನು ನಾನು 60–65ರ ಮೇಲೆ ಬಿಡುವುದಿಲ್ಲ. ರಾಜ್ಯೋತ್ಸವದ ಪೋಸ್ಟರ್‌ಗೆ ಅರಿಶಿನ ಕುಂಕುಮದ ಬಣ್ಣ ಬೇಕೆಂದರೆ ತಲೆನೋವಿಲ್ಲ: ಹಳದಿ ಹೆಚ್ಚುಕಡಿಮೆ ನೇರ ಶಾಯಿ, ಕೆಂಪಿಗೆ ಮೆಜೆಂಟಾ 100, ಹಳದಿ 100. ಹಳದಿಯೊಳಗೆ ಸಯಾನ್ ಚೂರು ನುಸುಳಿದರೂ ಹಸಿರು ಛಾಯೆ ಬರುತ್ತದೆ ಎಂಬುದೊಂದೇ ಎಚ್ಚರ.

ಇನ್ನು ಕಪ್ಪು. ಮೂರು ಬಣ್ಣ ಕೂಡಿದರೆ ಲೆಕ್ಕದಲ್ಲಿ ಕಪ್ಪಾಗಬೇಕು, ಅಚ್ಚಿನಲ್ಲಿ ಆಗುವುದು ಕೊಳಕು ಕಂದು. ಅದಕ್ಕೇ ಕಪ್ಪು ಎಂಬ ನಾಲ್ಕನೆಯ ಶಾಯಿ; ಈ ನಾಲ್ಕೂ ಸೇರಿ ಸಿಎಂವೈಕೆ. ಹಿಂಬದಿಯ ರಕ್ಷಾಪುಟದಲ್ಲಿ ಬೆನ್ನುಡಿ 9 ಪಾಯಿಂಟ್‌ನಲ್ಲಿದ್ದರೆ ಅದನ್ನು ಕಪ್ಪು 100 ಮಾತ್ರ ಇಟ್ಟು ಓವರ್‌ಪ್ರಿಂಟ್ (ಕೆಳಗಿನ ಬಣ್ಣವನ್ನು ಕೊರೆಯದೆ ಅದರ ಮೇಲೆಯೇ ಅಚ್ಚು) ಹಾಕುತ್ತೇನೆ. ಆರ್‌ಜಿಬಿ ಕಪ್ಪಿನಲ್ಲಿ ಅಕ್ಷರ ಬಿಟ್ಟರೆ ಅದು ನಾಲ್ಕೂ ಪ್ಲೇಟಿಗೆ (ಒಂದೊಂದು ಶಾಯಿಗೂ ಒಂದೊಂದು ಅಚ್ಚಿನ ತಗಡು) ಹಂಚಿಹೋಗುತ್ತದೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ ‘ಸ್ತ್ರೀ’ ಎಂಬಲ್ಲಿನ ತ-ರ ಒತ್ತುಗಳ ಕೆಳಗೆ ಕೆಂಪು ನೆರಳು ಮೂಡುತ್ತದೆ, ಒತ್ತಿನ ಒಳಗಿನ ಬಿಳಿ ಮುಚ್ಚಿಹೋಗುತ್ತದೆ. ಒತ್ತಕ್ಷರ ಅಷ್ಟು ಚಿಕ್ಕದು, ಕನ್ನಡದ ಕೆಲಸದಲ್ಲಿ ಇದನ್ನು ಸಡಿಲ ಬಿಡುವಂತಿಲ್ಲ. ದೊಡ್ಡ ಕಪ್ಪು ಹಿನ್ನೆಲೆಗೆ ಮಾತ್ರ ಸಯಾನ್ 40, ಮೆಜೆಂಟಾ 30, ಹಳದಿ 30 ಸೇರಿಸುತ್ತೇನೆ. ಎಲ್ಲಿಯೂ ನಾಲ್ಕರ ಮೊತ್ತ 300 ದಾಟದಂತೆ ನೋಡಿಕೊಳ್ಳುತ್ತೇನೆ. ದಾಟಿದರೆ ಶಾಯಿ ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತದೆ.

ಕಾಗದವೂ ಒಂದು ಬಣ್ಣವೇ. ಮ್ಯಾಪ್‌ಲಿಥೊ (ಲೇಪನವಿಲ್ಲದ ಕಾಗದ) ಶಾಯಿ ಹೀರುತ್ತದೆ, ಚಿತ್ರ ಮೂಡಿಸುವ ಶಾಯಿಯ ಸಣ್ಣ ಚುಕ್ಕೆ ಹರಡಿ ಚಿತ್ರ ಗಾಢವಾಗುತ್ತದೆ. ಆರ್ಟ್ ಕಾರ್ಡ್‌ನಲ್ಲಿ ಚುಕ್ಕೆ ಮೇಲೆಯೇ ನಿಲ್ಲುತ್ತದೆ. ಮ್ಯಾಟ್ ಲ್ಯಾಮಿನೇಷನ್ ಹಾಕಿಸುವುದಾದರೆ ಗಾಢ ಜಾಗಗಳು ಇನ್ನೂ ಮಸುಕಾಗುತ್ತವೆ ಎಂದು ಮೊದಲೇ ಎಣಿಸಿ, ನೆರಳನ್ನು ಸ್ವಲ್ಪ ತೆರೆದಿಡುತ್ತೇನೆ.

ಲೇಖಕರಿಗೆ ವಾಟ್ಸಾಪ್‌ನಲ್ಲಿ ಏನು ಕಳಿಸುತ್ತೇವೆ ಎನ್ನುವುದೂ ಈ ಕೆಲಸದ ಭಾಗ. ಹೊಳೆಯುವ ಮೂಲ ಚಿತ್ರವನ್ನು ನಾನು ಕಳಿಸುವುದಿಲ್ಲ. ಸಿಎಂವೈಕೆ ಜೆಪೆಗ್ ಕಳಿಸಿದರೆ ಕೆಲವು ಫೋನ್‌ಗಳಲ್ಲಿ ಬಣ್ಣ ಕೆಡುತ್ತದೆ. ಆದ್ದರಿಂದ ಮುದ್ರಣದ ಫೈಲನ್ನು ಮತ್ತೆ ಎಸ್‌ಆರ್‌ಜಿಬಿಗೆ (ಪರದೆಗಳ ಸಾಮಾನ್ಯ ಆರ್‌ಜಿಬಿ) ತಿರುಗಿಸಿ, ಶಾಯಿಗೆ ದಕ್ಕುವಷ್ಟೇ ಬಣ್ಣವಿರುವ ಪ್ರತಿಯನ್ನು ಕಳಿಸಿ, ‘ಫೋನಿನ ಬೆಳಕು ಅರ್ಧಕ್ಕೆ ಇಳಿಸಿ ನೋಡಿ ಸರ್’ ಎನ್ನುತ್ತೇನೆ. ಅವರು ಒಪ್ಪಬೇಕಾದದ್ದು ಪುಸ್ತಕವನ್ನು.

ಸಾಧ್ಯವಾದಾಗಲೆಲ್ಲ ಮೊದಲ ಹಾಳೆಗಳು ಬರುವಾಗ ಪ್ರೆಸ್ಸಿನಲ್ಲಿರುತ್ತೇನೆ. ಹಾಳೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒತ್ತಕ್ಷರ ನೋಡಿ, ಆಮೇಲೆ ಗದ್ದೆ ನೋಡುತ್ತೇನೆ. ಮೆಷಿನ್‌ನಲ್ಲಿ ಹಾಳೆ ಸಾಗುವ ದಿಕ್ಕಿನ ಒಂದೊಂದು ಪಟ್ಟಿಗೂ ಶಾಯಿ ಹೆಚ್ಚುಕಡಿಮೆ ಮಾಡುವ ಬೇರೆ ಕೀಲಿ ಇರುತ್ತದೆ. ‘ಹಸಿರು ಇನ್ನೂ ಬೇಕು’ ಎಂದರೆ ಮೆಷಿನ್ ನಡೆಸುವವರಿಗೆ ಏನೂ ತಿಳಿಯದು. ‘ಈ ಪಟ್ಟಿಯಲ್ಲಿ ಮೆಜೆಂಟಾ ಸ್ವಲ್ಪ ಇಳಿಸಿ ಅಣ್ಣಾ’ ಎಂದರೆ ಅವರ ಕೈ ಆಗಲೇ ಕೀಲಿಯ ಮೇಲಿರುತ್ತದೆ. ಆದರೆ ಆ ಪಟ್ಟಿಯಲ್ಲಿ ಲೇಖಕರ ಮುಖವೂ ಇದ್ದರೆ ಅದರ ಕೆಂಪೂ ಇಳಿಯುತ್ತದೆ. ಹಾಗಾಗಿ ಲೇಖಕರ ಫೋಟೊ ಮತ್ತು ಗದ್ದೆ ಒಂದೇ ಪಟ್ಟಿಯ ನೇರಕ್ಕೆ ಬಾರದಂತೆ ಪುಟ ಜೋಡಿಸುವಾಗಲೇ ಅಂತರ ಬಿಟ್ಟಿರುತ್ತೇನೆ.