ಹಂಪಿವರೆಗೆ ಸೈಕಲ್ ತುಳಿಯುವವರ ಬುತ್ತಿ: ಏನು, ಎಷ್ಟು, ಯಾವಾಗ?

ಬಳ್ಳಾರಿಯಿಂದ ಹಂಪಿಗೆ ಸೈಕಲ್ ತುಳಿಯುವವರು ಹೆಚ್ಚಾಗಿ ಮಾಡುವುದು ಹೀಗೆ. ಖಾಲಿ ಹೊಟ್ಟೆಯಲ್ಲಿ ಹೊರಡುತ್ತಾರೆ. ಕುಡಿತಿನಿ, ತೋರಣಗಲ್ಲು ದಾಟುವವರೆಗೂ ಬರೀ ನೀರು. ಹೊಸಪೇಟೆ ಮುಟ್ಟಿದ ಮೇಲೆ ಎರಡು ಪ್ಲೇಟ್ ಒಗ್ಗರಣೆ ಮಂಡಕ್ಕಿ, ಜೊತೆಗೆ ನಾಲ್ಕು ಮಿರ್ಚಿ ಬಜ್ಜಿ. ವಾಪಸ್ ಬರುವಾಗ ಪಾಪಿನಾಯಕನಹಳ್ಳಿ ಹತ್ತಿರ ಮರದ ಕೆಳಗೆ ಕೂತು, ಗಾಡಿ ಕಳಿಸಿ ಅಂತ ಮನೆಗೆ ಫೋನ್. ಆಮೇಲೆ ಸೈಕಲ್ ಸರಿ ಇಲ್ಲ, ಗೇರು ಸರಿ ಇಲ್ಲ ಅಂತ ದೂರುತ್ತಾರೆ.

ಲೆಕ್ಕ ಸರಳ. ನಮ್ಮ ಸ್ನಾಯು ಮತ್ತು ಲಿವರ್ ಸೇರಿ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಕೂಡಿಟ್ಟಿರುತ್ತವೆ. ಜೋರಾಗಿ ತುಳಿದರೆ ಅದು ಒಂದೂವರೆ, ಎರಡು ಗಂಟೆಗೆ ಬರುತ್ತದೆ. ಹಂಪಿ ಇರುವುದು ಸುಮಾರು 60 ಕಿಲೋಮೀಟರ್ ದೂರ, ಮತ್ತೆ ಅಷ್ಟೇ ವಾಪಸ್ ಬರಬೇಕು. ಕೊಬ್ಬು ಮೈಯಲ್ಲಿ ಬೇಕಾದಷ್ಟಿದೆ, ಆದರೆ ಅದು ನಿಧಾನಕ್ಕೆ ಉರಿಯುತ್ತದೆ. ಹಾಗಾಗಿ ಹಸಿವಾಗುವ ಮೊದಲೇ ತಿನ್ನಬೇಕು. ಹಸಿದ ಮೇಲೆ ತಿಂದರೆ ತಡವಾಯಿತು.

ಹಿಂದಿನ ರಾತ್ರಿ

ಅನ್ನ ಜಾಸ್ತಿ, ರೊಟ್ಟಿ ಕಡಿಮೆ. ಜೋಳದ ರೊಟ್ಟಿ ಒಳ್ಳೆಯದೇ, ಆದರೆ ನಾರು ಹೆಚ್ಚು. ಅದರ ಜೊತೆ ಎಣ್ಣೆಗಾಯಿ ಸೇರಿದರೆ ಬೆಳಿಗ್ಗೆ ಸೀಟಿನ ಮೇಲೆ ಹೊಟ್ಟೆ ಭಾರ.

ಹೊರಡುವ ಮುನ್ನ

ಎರಡು ಬಾಳೆಹಣ್ಣು, ಇಲ್ಲವೇ ಮೂರು ಇಡ್ಲಿ. ಒಂದು ಲೋಟ ನೀರು. ಕಾಫಿ ರೂಢಿ ಇದ್ದರೆ ಕುಡಿಯಿರಿ. ಬೇಸಿಗೆಯಲ್ಲಿ ಐದಕ್ಕೆಲ್ಲ ರಸ್ತೆಯಲ್ಲಿರಬೇಕು. ಹತ್ತು ಗಂಟೆಯ ಬಳ್ಳಾರಿ ಬಿಸಿಲಿನ ಬಗ್ಗೆ ನಿಮಗೆ ಬೇರೆ ಹೇಳಬೇಕಾ?

ಬಾಟಲಿ

ಎರಡು ಬಾಟಲಿ ಒಯ್ಯಿರಿ. ಒಂದರಲ್ಲಿ ಬರೀ ನೀರು, ಬಾಯಿ ಮುಕ್ಕಳಿಸಲು, ತಲೆ ಮೇಲೆ ಸುರಿದುಕೊಳ್ಳಲು. ಇನ್ನೊಂದು 750 ಎಂಎಲ್ ಬಾಟಲಿಗೆ 30 ಗ್ರಾಂ ಸಕ್ಕರೆ ಹಾಕಿ. ತಕ್ಕಡಿ ಇಲ್ಲದಿದ್ದರೆ ಮೇಲೆ ಬೆರಳಾಡಿಸಿ ಸಮ ಮಾಡಿದ ಏಳು ಟೀ ಚಮಚ. ಕಾಲು ಟೀ ಚಮಚ ಉಪ್ಪು, ಅರ್ಧ ಲಿಂಬೆಹಣ್ಣು. ಚೆನ್ನಾಗಿ ಕುಲುಕಿ. ಮುಗಿದ ಮೇಲೆ ದಾರಿಯಲ್ಲಿ ಮತ್ತೆ ತುಂಬಲು ಸಕ್ಕರೆ, ಉಪ್ಪು ಕಲಸಿದ ಪೊಟ್ಟಣ ಜೇಬಿನಲ್ಲಿರಲಿ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಸಾಕು, ಅದೂ ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕಿನಂತೆ. ಸಕ್ಕರೆ ಕಾಯಿಲೆ, ಬಿಪಿ ಇರುವವರು ಈ ಅಳತೆಗಳನ್ನು ಮೊದಲು ಡಾಕ್ಟರಿಗೆ ತೋರಿಸಿ.

ಸೆಕೆ ಅಂತ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿಯುವವರೂ ಇದ್ದಾರೆ. ಬೆವರಿದ್ದಕ್ಕಿಂತ ಹೆಚ್ಚು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ ಶುರುವಾಗುತ್ತದೆ. ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಕಡಿಮೆ ಬಿದ್ದಿದೆ. ತೂಕ ಏರಿದ್ದರೆ ನೀವು ಅತಿ ಕುಡಿದಿದ್ದೀರಿ.

ಅಂಗಡಿಯಲ್ಲಿ ಓಆರ್‌ಎಸ್ ಹೆಸರಿನಲ್ಲಿ ಸಿಹಿ ಜ್ಯೂಸ್ ಪ್ಯಾಕೆಟ್ ಮಾರುತ್ತಿದ್ದರು. ಆ ಹೆಸರು ಹಾಕಕೂಡದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿತು, ಒಳ್ಳೆಯದೇ ಆಯಿತು. ನಿಜವಾದ ಓಆರ್‌ಎಸ್ ಪುಡಿ ಬೇರೆ. ಅದರಲ್ಲಿ ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್ ಮಾತ್ರ. ಉಪ್ಪು, ನೀರು ತುಂಬಿಕೊಡಲು ಸರಿ, ಕಾಲಿಗೆ ಶಕ್ತಿ ಕೊಡಲು ಸಾಲದು. ಎಳನೀರಿಗೆ ಇನ್ನೊಂದು ಕೊರತೆ: ಪೊಟ್ಯಾಸಿಯಂ ಧಾರಾಳ, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ಚಿಟಿಕೆ ಉಪ್ಪು ಹಾಕಿ ಕುಡಿಯಿರಿ.

ತಿನ್ನುವುದು: ಎಲ್ಲರೂ ಎಡವುವುದು ಇಲ್ಲೇ

ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಬೀಳಬೇಕು. ಬಾಟಲಿಯಿಂದ 30 ಬಂತು. ಉಳಿದ 30ಕ್ಕೆ ಎರಡು ಏಲಕ್ಕಿ ಬಾಳೆ ಆಗುತ್ತದೆ. ಆದರೆ ಅದು ಜೇಬಿನಲ್ಲಿ ನುಜ್ಜಾಗಿ, ಬಿಸಿಲಿಗೆ ಕಪ್ಪಾಗಿ, ಕೊನೆಗೆ ಯಾರೂ ತಿನ್ನುವುದಿಲ್ಲ. ಚಾಕೊಲೇಟ್ ಬಾರ್ ತೋರಣಗಲ್ಲಿಗೆ ಮುಂಚೆಯೇ ಕರಗಿ ನೀರಾಗಿರುತ್ತದೆ. ಕ್ರೀಡಾಪಟುಗಳು ಹೀರುವ ಸಕ್ಕರೆ ಜೆಲ್ ಕೆಲಸ ಮಾಡುತ್ತದೆ, ಬೆಲೆ ಮಾತ್ರ ಕೇಳಬೇಡಿ. ನನ್ನ ಆಯ್ಕೆ ಮಂಡಕ್ಕಿ ಉಂಡೆ. ಬೇರೆ ಯಾವುದನ್ನೂ ನಾನು ಶಿಫಾರಸು ಮಾಡುವುದಿಲ್ಲ.

100 ಗ್ರಾಂ ಮಂಡಕ್ಕಿ, 100 ಗ್ರಾಂ ಬೆಲ್ಲ. ಮೊದಲು ಮಂಡಕ್ಕಿಯನ್ನು ಒಣ ಬಾಣಲೆಯಲ್ಲಿ ಗರಿಗರಿ ಮಾಡಿ ತೆಗೆದಿಡಿ. ಬೆಲ್ಲಕ್ಕೆ ಎರಡು ಚಮಚ ನೀರು, ಚಿಟಿಕೆ ಉಪ್ಪು ಹಾಕಿ ಕಾಯಿಸಿ. ಬಟ್ಟಲಲ್ಲಿ ತಣ್ಣೀರಿಟ್ಟುಕೊಂಡು ಒಂದು ಹನಿ ಪಾಕ ಬಿಡಿ. ಹರಡಿಹೋದರೆ ಇನ್ನೂ ಕಾಯಬೇಕು. ಬೆರಳಲ್ಲಿ ಮೆತ್ತಗೆ ಉಂಡೆ ಕಟ್ಟಿದರೆ ತಕ್ಷಣ ಒಲೆ ಆರಿಸಿ. ತಟ್ಟೆಗೆ ಟಣ್ ಅಂತ ಬಡಿಯುವ ಹದಕ್ಕೆ ಬಿಡಬೇಡಿ. ಏದುಸಿರು ಬಿಡುತ್ತಾ ಅಂಥದ್ದನ್ನು ಕಚ್ಚಿದರೆ ಹಲ್ಲು ನೆನಪಾಗುತ್ತದೆ. ಮಂಡಕ್ಕಿ ಸುರಿದು ಕಲಸಿ, ಕೈಗೆ ನೀರು ಸವರಿಕೊಂಡು, ಬಿಸಿ ಇರುವಾಗಲೇ ಒತ್ತಿ 12 ಉಂಡೆ ಕಟ್ಟಿ. ಸಡಿಲ ಕಟ್ಟಿದರೆ ಜೇಬು ತುಂಬಾ ಮಂಡಕ್ಕಿ. ಒಂದರಲ್ಲಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಬಟರ್ ಪೇಪರಿನಲ್ಲಿ ಸುತ್ತಿ, ಒಂದು ಮೂಲೆ ಹೊರಗೆ ಬಿಡಿ, ಒಂದೇ ಕೈಯಲ್ಲಿ ಬಿಚ್ಚುವ ಹಾಗೆ.

ಶೇಂಗಾ ಹಾಕಲೇ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಶೇಂಗಾದ ಕೊಬ್ಬು ಹೊಟ್ಟೆಯಲ್ಲಿ ತಡವಾಗಿ ಕರಗುತ್ತದೆ. ಶೇಂಗಾ ಚಿಕ್ಕಿ, ಶೇಂಗಾ ಹೋಳಿಗೆ ಮನೆಗೆ ಬಂದ ಮೇಲೆ ತಿನ್ನಿ.

ಈಗ ಗಡಿಯಾರ. ಮೊದಲ ಉಂಡೆ ಹೊರಟ ಅರ್ಧ ಗಂಟೆಗೆ, ಆಮೇಲೆ ಪ್ರತಿ ಅರ್ಧ ಗಂಟೆಗೆ ಒಂದೊಂದು. ಫೋನಿನಲ್ಲಿ ಅಲಾರಾಂ ಇಡಿ. ಕುಡಿತಿನಿ ಹತ್ತಿರ ಅದು ಹೊಡೆದಾಗ ಕಾಲು ಚುರುಕಾಗಿಯೇ ಇರುತ್ತದೆ, "ಈಗ್ಯಾಕೆ, ಸುಮ್ನೆ" ಅನ್ನಿಸುತ್ತದೆ. ಆಗಲೇ ತಿನ್ನಬೇಕು. ಲಾರಿ ಸಾಲು ಇರುವ ರಸ್ತೆ, ಹಾಗಾಗಿ ಇಳಿದು ಬದಿಗೆ ನಿಂತು ತಿನ್ನಿ, ಒಂದು ನಿಮಿಷ ಹೋದರೆ ಹೋಗಲಿ. ಹೊಸಬರಿಗೆ 60 ಗ್ರಾಂ ಒಮ್ಮೆಲೇ ಹಿಡಿಸುವುದಿಲ್ಲ. ಗಂಟೆಗೆ 30ರಿಂದ ಶುರು ಮಾಡಿ, ವಾರ ವಾರ ಏರಿಸಿ. ಕರುಳಿಗೂ ಅಭ್ಯಾಸ ಬೇಕು.

ಹೊಸಪೇಟೆಯಲ್ಲಿ

ಒಗ್ಗರಣೆ ತಿನ್ನಿ, ಮಿರ್ಚಿ ಬಿಡಿ. ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲೇ ಕೂತು ವಾಪಸ್ ಪ್ರಯಾಣ ಕೆಡಿಸುತ್ತದೆ. ಕಬ್ಬಿನ ಹಾಲು ಅರ್ಧ ಲೋಟ ಕುಡಿಯಬಹುದು, ಐಸ್ ಬೇಡ. ಮಜ್ಜಿಗೆಯಲ್ಲಿ ಉಪ್ಪಿದೆ, ಶಕ್ತಿ ಕಡಿಮೆ, ಅದರ ಜೊತೆ ಏನಾದರೂ ತಿನ್ನಿ.

ಅಷ್ಟಾದರೂ ಸುಸ್ತು ಹೊಡೆದರೆ

ಕಾಲಲ್ಲಿ ತ್ರಾಣ ಇಲ್ಲ, ತಣ್ಣನೆ ಬೆವರು, ಕಾರಣವಿಲ್ಲದೆ ಸಿಟ್ಟು: ಇದು ಸಕ್ಕರೆ ಇಳಿದ ಲಕ್ಷಣ. ನೆರಳಿಗೆ ಹೋಗಿ, ಬೆಲ್ಲ ಅಥವಾ ಸಕ್ಕರೆ ನೀರು ತೆಗೆದುಕೊಂಡು ಕಾಲು ಗಂಟೆ ಕೂತು, ಆಮೇಲೆ ನಿಧಾನಕ್ಕೆ ತುಳಿಯಿರಿ. ಮೈ ಕಾದು ಮಾತು ತೊದಲಿದರೆ ಅದು ಬಿಸಿಲಿನ ಹೊಡೆತ. ಮೈಮೇಲೆ ನೀರು ಸುರಿಯುತ್ತಾ ಆಸ್ಪತ್ರೆಗೆ ಗಾಡಿ ಕರೆಸಿ, ಸೈಕಲ್ ವಿಚಾರ ಆಮೇಲೆ ನೋಡಿಕೊಂಡರಾಯಿತು.