ಎರಡೇ ಕೈ, ಜೊತೆಗೊಂದು ಪುಟ್ಟ ಮಗು: ಡಿಸ್ನಿ ವರ್ಲ್ಡ್‌ನಲ್ಲಿ ಒಬ್ಬರೇ ಊಟ ನಿಭಾಯಿಸುವುದು ಹೇಗೆ?

ನನ್ನ ಗಂಡನಿಗೆ ಫ್ಲಾರಿಡಾದ ಒರ್ಲಾಂಡೊದಲ್ಲಿ ನಾಲ್ಕು ದಿನದ ಕಾನ್ಫರೆನ್ಸ್ ಇತ್ತು. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ರಾತ್ರಿಯೇ. ಎರಡೂವರೆ ವರ್ಷದ ಮಗಳ ಜೊತೆ ಹೋಟೆಲ್ ರೂಮಿನಲ್ಲಿ ಸುಮ್ನೆ ಕೂರುವ ಬದಲು ನಾನು ಅವಳನ್ನು ಕರೆದುಕೊಂಡು ನಾಲ್ಕು ಪಾರ್ಕುಗಳಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಬೇಕಿಲ್ಲ. ಇನ್ನಾರು ತಿಂಗಳು ಕಳೆದರೆ ಅವಳಿಗೂ ಟಿಕೆಟ್ ತೆಗೆಯಬೇಕಲ್ಲ ಅನ್ನುವ ಲೆಕ್ಕವೂ ಮನಸ್ಸಿನಲ್ಲಿತ್ತು.

ಆಟಗಳಿಗೆ ಕರೆದುಕೊಂಡು ಹೋಗುವುದು ಕಷ್ಟ ಆಗಲಿಲ್ಲ. ಕಷ್ಟವಾಗಿದ್ದು ಊಟ. ಮನೆಯಲ್ಲಾದರೆ ಒಬ್ಬರು ತಿನ್ನಿಸುವಾಗ ಇನ್ನೊಬ್ಬರು ನೀರು ತರುತ್ತಾರೆ, ಚೆಲ್ಲಿದ್ದು ಒರೆಸುತ್ತಾರೆ. ಅಲ್ಲಿ ಮಗು, ಅವಳನ್ನು ಕೂರಿಸಿ ತಳ್ಳುವ ಸ್ಟ್ರಾಲರ್, ಬ್ಯಾಗು, ತಟ್ಟೆ ಎಲ್ಲದಕ್ಕೂ ನನ್ನವೇ ಎರಡು ಕೈ. ಮೊದಲ ದಿನ ಒಂದು ಬಫೆ ಹೋಟೆಲಿಗೆ ಹೋದೆವು. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ತಟ್ಟೆ ಹಿಡಿದಿದ್ದೆ. ಅವಳು ಬಗ್ಗಿ ಸೌಟಿಗೆ ಕೈ ಹಾಕಿದಳು. ಬಿಸಿ ಸೂಪು ನನ್ನ ಮೊಣಕೈ ಮೇಲೆ ಬಿತ್ತು. ಅವಳಿಗೆ ತಾಗಲಿಲ್ಲ ಅನ್ನುವುದೊಂದೇ ಸಮಾಧಾನ.

ಆ ರಾತ್ರಿ ಕೂತು ಯೋಚಿಸಿದಾಗ ವಿಷಯ ಸ್ಪಷ್ಟವಾಯಿತು. ಒಬ್ಬರೇ ಇರುವಾಗ ತಪ್ಪಿಸಬೇಕಾದದ್ದು ಎರಡೇ: ಕಾಯುವುದು, ಮತ್ತು ಕೂತ ಮೇಲೆ ಏಳುವುದು. ಮುಂದಿನ ಮೂರು ದಿನ ಪ್ರತಿ ಊಟವನ್ನೂ ಇದೇ ಲೆಕ್ಕದಲ್ಲಿ ಆರಿಸಿಕೊಂಡೆ. ಹಾಗೆ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

1. ಬಡಿಸುವ ಜಾಗವನ್ನೇ ಆರಿಸಿ

ನಮ್ಮ ಮದುವೆ ಮನೆಗಳಲ್ಲಿ ಕೈಕೂಸು ಇರುವವರು ಬಫೆ ಕಡೆ ಹೋಗುವುದಿಲ್ಲ, ಪಂಕ್ತಿಯಲ್ಲಿ ಕೂರುತ್ತಾರೆ. ಅಲ್ಲಿಯೂ ಹಾಗೇ ಮಾಡಿ. ಡಿಸ್ನಿ ವರ್ಲ್ಡ್‌ನಲ್ಲಿ ನಿಗದಿತ ಬೆಲೆಗೆ ಬೇಕಾದಷ್ಟು ಊಟ ಕೊಡುವ ಹೋಟೆಲುಗಳು ಎರಡು ಬಗೆ. ಒಂದು ಬಫೆ. ಇನ್ನೊಂದರಲ್ಲಿ ದೊಡ್ಡ ತಟ್ಟೆಗಳಲ್ಲಿ ಎಲ್ಲವನ್ನೂ ಮೇಜಿಗೇ ತಂದಿಡುತ್ತಾರೆ, ಮುಗಿದರೆ ಮತ್ತೆ ತರುತ್ತಾರೆ. ಇದನ್ನು ಅಲ್ಲಿ ಫ್ಯಾಮಿಲಿ ಸ್ಟೈಲ್ ಅನ್ನುತ್ತಾರೆ. ಒಬ್ಬರೇ ಇದ್ದರೆ ಕಣ್ಣು ಮುಚ್ಚಿಕೊಂಡು ಎರಡನೆಯದನ್ನೇ ಆರಿಸಿ. ಎರಡರಲ್ಲೂ ಮೂರು ವರ್ಷದೊಳಗಿನ ಮಗುವಿಗೆ ದುಡ್ಡಿಲ್ಲ, ನಿಮ್ಮ ಊಟದಲ್ಲೇ ಪಾಲು.

ನನಗೆ ತುಂಬಾ ಹಿಡಿಸಿದ್ದು ಎಪ್ಕಾಟ್ ಪಾರ್ಕಿನ ಲ್ಯಾಂಡ್ ಪೆವಿಲಿಯನ್‌ನಲ್ಲಿರುವ ಗಾರ್ಡನ್ ಗ್ರಿಲ್ ಹೋಟೆಲು. ಊಟ ಮೇಜಿಗೇ ಬರುತ್ತದೆ. ಡಿಸ್ನಿ ಕಾರ್ಟೂನಿನ ಮಿಕ್ಕಿ, ಪ್ಲೂಟೊ, ಚಿಪ್ ಮತ್ತು ಡೇಲ್ ವೇಷದವರೂ ಮೇಜಿಗೇ ಬರುತ್ತಾರೆ. ಬಿಸಿಲಿನಲ್ಲಿ ಫೋಟೊಗಾಗಿ ಬೇರೆ ಕ್ಯೂ ನಿಲ್ಲುವ ಕೆಲಸವೂ ಅಲ್ಲೇ ಮುಗಿಯಿತು. ಇನ್ನೊಂದು ವಿಶೇಷ ಅಂದರೆ ಇಡೀ ಹೋಟೆಲು ನಿಧಾನಕ್ಕೆ ತಿರುಗುತ್ತಿರುತ್ತದೆ. ಕೆಳಗಿನ ದೋಣಿ ಸವಾರಿಯ ಆಟದ ದಾರಿಯಲ್ಲಿರುವ ಕಾಡು, ಮರಳುಗಾಡಿನ ದೃಶ್ಯಗಳು ಒಂದಾದ ಮೇಲೊಂದು ಬರುತ್ತವೆ. ಒಂದೇ ಕಡೆ ಕೂತು ಬೇಸರಪಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಕಿಟಕಿ ಬೇಕಾ?

ಒಂದು ಮಾತು. ಟಿವಿಯಲ್ಲಿ ಮಿಕ್ಕಿಯನ್ನು ಕಂಡು ಕುಣಿಯುವ ಮಗು, ಆಳೆತ್ತರದ ಮಿಕ್ಕಿ ಎದುರಿಗೆ ಬಂದರೆ ಹೆದರಬಹುದು. ನನ್ನ ಮಗಳು ನನ್ನ ದುಪಟ್ಟಾದೊಳಗೆ ಮುಖ ಮುಚ್ಚಿಕೊಂಡಳು. ಸರ್ವರ್‌ಗೆ ಹೇಳಿದೆ. ಆಮೇಲೆ ಬಂದವರೆಲ್ಲ ದೂರದಿಂದಲೇ ಕೈ ಬೀಸಿದರು. ಊಟ ಮುಗಿಯುವ ಹೊತ್ತಿಗೆ ಅವಳೇ ಕೈ ಚಾಚಿದಳು. ಫೋಟೊಗಾಗಿ ಮಗುವನ್ನು ಒತ್ತಾಯ ಮಾಡಬೇಡಿ, ದಯವಿಟ್ಟು.

2. ಮೊದಲೇ ಬುಕ್ ಮಾಡಿ, ಹೊತ್ತಿಗೆ ಮುಂಚೆ ಹೋಗಿ

ಊಟದ ಮೇಜಿನ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ. ಡಿಸ್ನಿಯ ಆ್ಯಪ್‌ನಲ್ಲೇ ಮಾಡಬಹುದು. ಮಗುವಿಗೆ ದುಡ್ಡಿಲ್ಲದಿದ್ದರೂ ಇಬ್ಬರು ಅಂತಲೇ ಬುಕ್ ಮಾಡಿ, ಹೈ ಚೇರ್ (ಮಗುವಿನ ಎತ್ತರದ ಕುರ್ಚಿ) ಬೇಕು ಅಂತ ಸೇರಿಸಿ. ಸಿಗಲಿಲ್ಲ ಅಂದರೆ ನಿರಾಶೆ ಬೇಡ. ಹೆಚ್ಚಿನ ಕಡೆ ಎರಡು ಗಂಟೆ ಮೊದಲಿನ ತನಕ ದಂಡವಿಲ್ಲದೆ ರದ್ದು ಮಾಡಬಹುದು. ಹಾಗಾಗಿ ಅದೇ ದಿನ ಬೆಳಿಗ್ಗೆಯೂ ಮೇಜುಗಳು ಖಾಲಿಯಾಗುತ್ತಿರುತ್ತವೆ. ಆಗಾಗ ಆ್ಯಪ್ ತೆರೆದು ನೋಡಿ. ಇಬ್ಬರಿಗೆ ಒಂದು ಮೇಜು ಸಿಗುವುದು ಆರು ಜನಕ್ಕೆ ಸಿಗುವುದಕ್ಕಿಂತ ಸುಲಭ.

ಸಮಯ ಮಾತ್ರ ಮಗುವಿನದ್ದಿರಲಿ. ಹನ್ನೆರಡರಿಂದ ಒಂದೂವರೆ ತನಕ ಎಲ್ಲ ಕಡೆ ಜನ ಜಾಸ್ತಿ. ನಾನು ಹನ್ನೊಂದಕ್ಕೇ ಮಧ್ಯಾಹ್ನದ ಊಟ ಮುಗಿಸುತ್ತಿದ್ದೆ. ಆಮೇಲೆ ಅವಳು ಸ್ಟ್ರಾಲರ್‌ನಲ್ಲೇ ನಿದ್ದೆ. ಸಂಜೆ ನಾಲ್ಕೂವರೆ, ಐದಕ್ಕೆ ರಾತ್ರಿ ಊಟ. ನಮಗೆ ಇದು ಕಾಫಿ ಹೊತ್ತು ನಿಜ. ಆದರೆ ನಿದ್ದೆಗಣ್ಣಿನ ಮಗುವನ್ನು ಏಳೂವರೆಗೆ ಹೈ ಚೇರ್‌ನಲ್ಲಿ ಕೂರಿಸಿ ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

3. ಮೇಜಿಗೆ ಬೇರೆಯೇ ಚೀಲ

ಇದು ಯಾರೂ ನನಗೆ ಹೇಳಿರಲಿಲ್ಲ. ಮೇಜಿಗೆ ಬಡಿಸುವ ಹೋಟೆಲುಗಳಲ್ಲಿ ಸ್ಟ್ರಾಲರ್ ಅನ್ನು ಸಾಮಾನ್ಯವಾಗಿ ಹೊರಗೆ ನಿಲ್ಲಿಸಬೇಕು. ಬಿಬ್, ವೈಪ್ಸ್, ನೀರಿನ ಲೋಟ ಎಲ್ಲ ಸ್ಟ್ರಾಲರಿನ ಕೆಳಗಿನ ಬುಟ್ಟಿಯಲ್ಲಿದ್ದರೆ ಮತ್ತೆ ಎದ್ದು ಹೋಗಬೇಕು. ಅದಕ್ಕೇ ಹೆಗಲಿಗೆ ಹಾಕುವ ಸಣ್ಣ ಚೀಲವೊಂದನ್ನು ಬೇರೆಯೇ ಇಡಿ. ಅದರಲ್ಲಿ ಬಿಬ್, ಮಗುವಿನದ್ದೇ ಚಮಚ, ಸ್ಟ್ರಾ ಇರುವ ಲೋಟ, ವೈಪ್ಸ್, ಒಂದು ಡಯಾಪರ್, ಒಂದು ಜೊತೆ ಬಟ್ಟೆ, ಸದ್ದು ಮಾಡದ ಎರಡು ಆಟಿಕೆ. ಆಟಿಕೆ ಮಗು ಮೊದಲು ನೋಡಿರದ್ದಾದರೆ ಇನ್ನೂ ಒಳ್ಳೆಯದು. ನಾನು ಸ್ಟಿಕ್ಕರ್ ಪುಸ್ತಕ ಇಟ್ಟುಕೊಂಡಿದ್ದೆ.

ಹೊರಗಿನ ತಿಂಡಿ ಪಾರ್ಕಿನೊಳಗೆ ಒಯ್ಯಬಹುದು. ಗಾಜಿನ ಡಬ್ಬಿ, ಬಾಟಲಿ ಬಿಡುವುದಿಲ್ಲ. ಬಿಡಿ ಐಸ್ ಕೂಡ ಬೇಡ, ಐಸ್ ಪ್ಯಾಕ್ ಆಗುತ್ತದೆ. ಮೊಸರನ್ನ ಒಯ್ಯಬೇಕು ಅನ್ನಿಸುವುದು ಸಹಜ, ಆದರೆ ಫ್ಲಾರಿಡಾದ ಸೆಕೆಯಲ್ಲಿ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಐಸ್ ಪ್ಯಾಕ್ ಜೊತೆ ಇಟ್ಟು ಹನ್ನೊಂದರೊಳಗೆ ತಿನ್ನಿಸಿ, ಇಲ್ಲವೇ ಬಿಟ್ಟುಬಿಡಿ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ತೆಳು ಅವಲಕ್ಕಿ. ಒಗ್ಗರಣೆ ಹಾಕಿ ಒಣಗಿಸಿ ಡಬ್ಬಿಯಲ್ಲಿಟ್ಟಿದ್ದೆ. ಬಿಸಿನೀರು ಚಿಮುಕಿಸಿದರೆ ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ.

4. ಕೌಂಟರ್ ಹೋಟೆಲಿನಲ್ಲಿ ಮೊದಲು ಮೇಜು, ಆಮೇಲೆ ಊಟ

ದಿನಕ್ಕೊಂದು ಹೊತ್ತಾದರೂ ಕೌಂಟರ್‌ನಿಂದ ನಾವೇ ತರುವ ಜಾಗದಲ್ಲಿ ತಿನ್ನಬೇಕಾಗುತ್ತದೆ. ಅಗ್ಗ, ಬೇಗ. ಆದರೆ ಎರಡು ಕೈಯವರಿಗೆ ಕಷ್ಟದ ಜಾಗವೂ ಇದೇ.

ಆ್ಯಪ್‌ನಲ್ಲಿ ಮೊಬೈಲ್ ಆರ್ಡರ್ ಅಂತ ಇದೆ. ಮಗು ಇನ್ನೂ ಖುಷಿಯಾಗಿರುವಾಗಲೇ, ಅಂದರೆ ಹಸಿವಾಗುವುದಕ್ಕೆ ಒಂದು ಗಂಟೆ ಮೊದಲೇ, ಮೆನು ನೋಡಿ ಆರಿಸಿ, ಸಮಯ ಹಿಡಿದು ದುಡ್ಡು ಕಟ್ಟಿಬಿಡಿ. ಹೋಟೆಲಿಗೆ ಹೋದ ಮೇಲೆ ಬಂದಿದ್ದೇನೆ ಅಂತ ಒತ್ತಿದರೆ ಅಡುಗೆ ಶುರು. ತಯಾರಾದಾಗ ಫೋನಿಗೆ ಸುದ್ದಿ ಬರುತ್ತದೆ, ಯಾವ ಕಿಟಕಿಗೆ ಹೋಗಬೇಕು ಅಂತಲೂ ಇರುತ್ತದೆ.

ಈಗ ತಟ್ಟೆ ತರುವುದು ಹೇಗೆ? ಮಗುವನ್ನು ಮೇಜಿನ ಹತ್ತಿರ ಬಿಟ್ಟು ಹೋಗಬೇಡಿ, ಹತ್ತು ಹೆಜ್ಜೆ ದೂರವಾದರೂ ಬೇಡ. ಪಕ್ಕದ ಮೇಜಿನಲ್ಲಿ ಕನ್ನಡದವರೇ ಸಿಕ್ಕರೂ ಬೇಡ. ಸ್ಟ್ರಾಲರ್ ಒಳಗೆ ಬಿಡುವ ಕಡೆ ಮಗುವಿಗೆ ಬೆಲ್ಟ್ ಹಾಕಿ ಜೊತೆಗೇ ತಳ್ಳಿಕೊಂಡು ಹೋಗಿ. ಕಿಟಕಿಯಲ್ಲಿ ಇರುವವರಿಗೆ, ಒಬ್ಬಳೇ ಇದ್ದೇನೆ, ತಟ್ಟೆ ಮೇಜಿಗೆ ತಂದುಕೊಡಬಹುದಾ ಅಂತ ಕೇಳಿ. ಅಲ್ಲಿನ ಸಿಬ್ಬಂದಿಯನ್ನು ಕಾಸ್ಟ್ ಮೆಂಬರ್ ಅನ್ನುತ್ತಾರೆ. ನಾನು ಕೇಳಿದಾಗಲೆಲ್ಲ ಯಾರಾದರೊಬ್ಬರು ತಂದಿಟ್ಟರು, ಒಬ್ಬರು ಹೈ ಚೇರ್ ಕೂಡ ಎಳೆದುಕೊಟ್ಟರು. ಸಹಾಯ ಕೇಳಲು ನಮಗೆ ಸಂಕೋಚ ಜಾಸ್ತಿ. ನನಗೂ ಇತ್ತು. ಮೊಣಕೈ ಸುಟ್ಟ ಮೇಲೆ ಬಿಟ್ಟೆ.

ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಕೊಲಂಬಿಯಾ ಹಾರ್ಬರ್ ಹೌಸ್‌ನ ಮಹಡಿ ಪ್ರಶಾಂತವಾಗಿದೆ ಅಂತ ತುಂಬಾ ಜನ ಹೇಳುತ್ತಾರೆ. ಇಬ್ಬರಿದ್ದರೆ ಸರಿ. ಒಬ್ಬರೇ ತಟ್ಟೆ, ಮಗು ಎರಡನ್ನೂ ಹಿಡಿದು ಮೆಟ್ಟಿಲು ಹತ್ತುವುದು ಬೇಡ. ಅದರ ಬದಲು ಎಪ್ಕಾಟ್‌ನ ಸನ್‌ಶೈನ್ ಸೀಸನ್ಸ್ ತರಹ ಒಳಗೆ ವಿಶಾಲವಾಗಿರುವ ಜಾಗ ನೋಡಿ. ಅನಿಮಲ್ ಕಿಂಗ್‌ಡಮ್‌ನ ಸತುಲಿ ಕ್ಯಾಂಟೀನ್‌ನಲ್ಲಿ ಊಟ ಬಟ್ಟಲಿನಲ್ಲಿ ಬರುತ್ತದೆ, ಟೋಫು (ಸೋಯಾ ಪನೀರು) ಹಾಕಿದ್ದೂ ಸಿಗುತ್ತದೆ. ಬಟ್ಟಲು ಹಿಡಿಯುವುದು ಸುಲಭ, ಚೆಲ್ಲುವುದೂ ಕಡಿಮೆ. ಪಾನೀಯ ಮಾರುವ ಕೌಂಟರ್‌ಗಳಲ್ಲಿ ಐಸ್ ಹಾಕಿದ ಕುಡಿಯುವ ನೀರನ್ನು ಪುಕ್ಕಟೆ ಕೊಡುತ್ತಾರೆ. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡಿ.

5. ಕೂತ ಮೇಲಿನ ಕ್ರಮ

ಒಳಗೆ ಹೋಗುವ ಮೊದಲೇ ಶೌಚಾಲಯ, ಡಯಾಪರ್, ಕೈ ತೊಳೆಯುವುದು ಎಲ್ಲ ಮುಗಿಸಿ. ಕಂಪ್ಯಾನಿಯನ್ ರೆಸ್ಟ್‌ರೂಮ್ ಅಂತ ಬೋರ್ಡ್ ಇರುವ ಕಡೆ ದೊಡ್ಡ ಕೋಣೆ ಇರುತ್ತದೆ, ಸ್ಟ್ರಾಲರ್ ಜೊತೆಗೇ ಒಳಗೆ ಹೋಗಬಹುದು. ಅಪ್ಪ ಒಬ್ಬರೇ ಮಗಳನ್ನು ಕರೆತಂದಿದ್ದರೆ ಇದು ಇನ್ನೂ ಅನುಕೂಲ.

ಸರ್ವರ್ ಮೊದಲ ಸಲ ಬಂದಾಗಲೇ ನಾಲ್ಕು ಮಾತು ಹೇಳಿಬಿಡಿ. ಮಗುವಿನ ಊಟ ಮೊದಲು ಬರಲಿ. ಅದು ಬಿಸಿ ಇರಬಾರದು. ಊಟದ ಜೊತೆಗೇ ಬಿಲ್ ತನ್ನಿ. ಉಳಿದದ್ದನ್ನು ತುಂಬಿಕೊಳ್ಳಲು ಒಂದು ಖಾಲಿ ಡಬ್ಬಿಯನ್ನೂ ಈಗಲೇ ಕೊಡಿ. ಮಗು ಹಟ ಶುರು ಮಾಡಿದ ಮೇಲೆ ಬಿಲ್ಲಿಗೆ ಕಾಯುವ ಆ ಹದಿನೈದು ನಿಮಿಷ ಇದೆಯಲ್ಲ, ಇಡೀ ಊಟದಲ್ಲಿ ಅದೇ ದೊಡ್ಡ ಕಷ್ಟ. ಡಬ್ಬಿ, ಬಿಲ್ ಎರಡೂ ಕೈಯಲ್ಲಿದ್ದರೆ ಎರಡು ನಿಮಿಷದಲ್ಲಿ ಎದ್ದು ಬರಬಹುದು. ಬಿಲ್ಲಿಗೆ ತೆರಿಗೆ ಸೇರುತ್ತದೆ. ಟಿಪ್ಸ್ 18ರಿಂದ 20 ಪರ್ಸೆಂಟ್ ಕೊಡುವುದು ಅಲ್ಲಿನ ರೂಢಿ, ಅದನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಮೇಜಿನ ಮೇಲೆ ಮಗುವಿನ ಕೈಗೆ ಎಟುಕುವ ಚಾಕು, ಫೋರ್ಕು, ಉಪ್ಪಿನ ಡಬ್ಬಿ ಎಲ್ಲ ನಿಮ್ಮ ಕಡೆ ಸರಿಸಿ. ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಹೋಳು ಮಾಡಿ ಕೊಡಿ. ಹಾಟ್ ಡಾಗ್ ತರಹದ್ದನ್ನು ದುಂಡಗೆ ಕತ್ತರಿಸಲೇಬಾರದು, ಉದ್ದಕ್ಕೆ ಸೀಳಿ ಸಣ್ಣ ಚೂರು ಮಾಡಬೇಕು. ದುಂಡನೆಯ ಚೂರು ಪುಟ್ಟ ಗಂಟಲಿಗೆ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಪಾರ್ಕಿನಲ್ಲಿ ಹೆಜ್ಜೆಹೆಜ್ಜೆಗೂ ಪಾಪ್‌ಕಾರ್ನ್ ಘಮ ಬರುತ್ತದೆ. ನಾಲ್ಕು ವರ್ಷ ತುಂಬುವ ತನಕ ಅದು ಬೇಡ ಅನ್ನುವುದು ಮಕ್ಕಳ ವೈದ್ಯರ ಸಲಹೆ. ಒಬ್ಬರೇ ಇರುವಾಗ ಇದರಲ್ಲಿ ಸಡಿಲ ಬಿಡಬೇಡಿ.

ಇನ್ನು ನಿಮ್ಮ ಊಟ. ಮಗು ಬಿಟ್ಟದ್ದನ್ನೇ ತಿಂದು ಹೊಟ್ಟೆ ತುಂಬಿಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಅಮ್ಮಂದಿರಿಗಿದೆ. ಆ ಬಿಸಿಲಿನಲ್ಲಿ ದಿನವಿಡೀ ಸ್ಟ್ರಾಲರ್ ತಳ್ಳುವವರಿಗೆ ಅದು ಸಾಲುವುದಿಲ್ಲ. ಮೂರು ಗಂಟೆಗೆ ನಿಮಗೆ ತಲೆ ಸುತ್ತಿದರೆ ಮಗುವನ್ನು ನೋಡಿಕೊಳ್ಳುವವರು ಯಾರು? ನಿಮಗೇ ಅಂತ ಒಂದು ತಟ್ಟೆ ತರಿಸಿ. ಮಗು ಮೊದಲ ಹಸಿವಿನಲ್ಲಿ ತಾನೇ ತಿನ್ನುವ ಹತ್ತು ನಿಮಿಷದಲ್ಲೇ ನೀವೂ ತಿನ್ನಿ. ಅದು ಸಾಲದಿದ್ದರೆ ಸ್ಟಿಕ್ಕರ್ ಪುಸ್ತಕ, ಅದೂ ಮುಗಿದರೆ ಫೋನಿನಲ್ಲಿ ಸದ್ದಿಲ್ಲದ ಒಂದು ವಿಡಿಯೊ. ಮನೆಯಲ್ಲಿ ನಾನು ಊಟಕ್ಕೆ ಫೋನ್ ಕೊಡುವುದಿಲ್ಲ. ಅಲ್ಲಿ ನನ್ನ ತುತ್ತು ಮುಗಿಯುವ ತನಕ ಕೊಟ್ಟೆ, ಅದು ಸರಿ ಅಂತಲೇ ಈಗಲೂ ಅನ್ನಿಸುತ್ತದೆ.

ನಮ್ಮ ಸಸ್ಯಾಹಾರಿ ಮನೆಗಳವರಿಗೆ ಒಂದು ಎಚ್ಚರ. ಮೆನುವಿನಲ್ಲಿ ಎಲೆಯ ಗುರುತು ಇರುವ ತಿನಿಸು ಪೂರ್ತಿ ಸಸ್ಯಜನ್ಯ. ಉಳಿದದ್ದನ್ನು ಕೇಳಿಯೇ ತಿನ್ನಬೇಕು. ಬರೀ ಅನ್ನ ಅಂತ ಕಂಡದ್ದನ್ನೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರುವುದುಂಟು.

6. ಹಟ ಹಿಡಿದರೆ ಎದ್ದುಬಿಡಿ

ಒಂದು ದಿನ ಮಗಳು ತಟ್ಟೆ ತಳ್ಳಿ ಜೋರಾಗಿ ಅಳತೊಡಗಿದಳು. ಡಬ್ಬಿಗೆ ತುಂಬಿಕೊಂಡು ಬೇಬಿ ಕೇರ್ ಸೆಂಟರ್‌ಗೆ ಹೋದೆ. ನಾಲ್ಕು ಪಾರ್ಕುಗಳಲ್ಲೂ ಒಂದೊಂದಿದೆ. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಮೇನ್ ಸ್ಟ್ರೀಟ್ ಮುಗಿಯುವ ಕಡೆ, ಕ್ರಿಸ್ಟಲ್ ಪ್ಯಾಲೇಸ್ ಹೋಟೆಲಿನ ಪಕ್ಕ. ಹಾಲೂಡಿಸುವ ಕೋಣೆ, ಡಯಾಪರ್ ಬದಲಿಸುವ ಮೇಜು, ಹೈ ಚೇರ್‌ಗಳು, ಊಟ ಬಿಸಿ ಮಾಡಲು ಮೈಕ್ರೋವೇವ್ ಎಲ್ಲ ಇವೆ. ತಂಪಾಗಿದೆ, ಗದ್ದಲವಿಲ್ಲ. ಅಲ್ಲಿ ಅವಲಕ್ಕಿ ನೆನೆಸಿ ಕೊಟ್ಟೆ, ಡಬ್ಬಿಯಲ್ಲಿದ್ದ ನನ್ನ ಊಟ ಬಿಸಿ ಮಾಡಿಕೊಂಡೆ. ನಾನೇ ಯೋಜಿಸಿದ ಊಟಗಳಿಗಿಂತ ಅದು ಚೆನ್ನಾಗಿತ್ತು. ಪಾರ್ಕಿಗೆ ಹೋದ ಕೂಡಲೇ ನಕ್ಷೆಯಲ್ಲಿ ಈ ಜಾಗ ಗುರುತು ಮಾಡಿಕೊಳ್ಳಿ.

7. ಒಂದು ಸಂಜೆ ಪಾರ್ಕಿನ ಹೊರಗೆ

ಮೂರು ದಿನ ಚೀಸು, ಬ್ರೆಡ್ಡು ತಿಂದ ಮೇಲೆ ನಾಲಿಗೆ ನಮ್ಮ ರುಚಿ ಬೇಡುತ್ತದೆ. ಅನಿಮಲ್ ಕಿಂಗ್‌ಡಮ್ ಲಾಡ್ಜ್ ಅನ್ನುವ ಡಿಸ್ನಿಯ ವಸತಿಗೃಹದ ಕಿಡಾನಿ ವಿಲೇಜ್ ಕಟ್ಟಡದಲ್ಲಿ ಸನಾ ಅಂತ ಹೋಟೆಲಿದೆ. ಆಫ್ರಿಕಾ ಮತ್ತು ಭಾರತದ ರುಚಿ ಬೆರೆಸಿದ ಅಡುಗೆ. ಅಲ್ಲಿ ಬ್ರೆಡ್ ಸರ್ವಿಸ್ ಹೆಸರುವಾಸಿ. ನಾನ್‌ನಂಥ ರೊಟ್ಟಿಗಳ ಜೊತೆ ರಾಯ್ತ, ಚಟ್ನಿ, ಉಪ್ಪಿನಕಾಯಿ ಅಂತ ಒಂಬತ್ತು ಬಗೆ ಬರುತ್ತದೆ. ಪಾರ್ಕಿನ ಹೊರಗಿರುವುದರಿಂದ ಟಿಕೆಟ್ ಬೇಕಿಲ್ಲ. ಕತ್ತಲಾಗುವ ಮೊದಲೇ ಹೋಗಿ, ಕಿಟಕಿಯ ಪಕ್ಕದ ಮೇಜು ಕೇಳಿ. ಗಾಜಿನ ಆಚೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ.

ನಮ್ಮ ಕೊನೆಯ ಸಂಜೆ ಅಲ್ಲೇ. ಬಿಲ್, ಡಬ್ಬಿ ಎರಡೂ ಊಟದ ಜೊತೆಗೇ ಬಂದಿದ್ದವು. ಮಗಳು ನಾನ್ ಚೂರನ್ನು ರಾಯ್ತದಲ್ಲಿ ಅದ್ದಿ, ಒಂದು ತುತ್ತು ತನಗೆ, ಒಂದು ತುತ್ತು ಕಿಟಕಿಯಾಚೆಯ ಜಿರಾಫೆಗೆ ಅಂತ ಚಾಚುತ್ತಾ ತಿಂದಳು. ನಾನೂ ನನ್ನ ತಟ್ಟೆಯನ್ನು ಬಿಸಿಯಿರುವಾಗಲೇ ಮುಗಿಸಿದೆ.